ದಕ್ಷಿಣದ ಮೋಡ

ಜಾತಿ ಅಡ್ಡ ಬಂತು ಅನ್ನುತ್ತಾರೆ. ಇಂಡಿ ಊರಿನ ನಮ್ಮ ಓಣಿಯಲ್ಲೂ ಮುದ್ದೇಬಿಹಾಳದಲ್ಲಿ ನಾನು ಮದುವೆಯಾಗಬೇಕಿದ್ದವನ ಗೆಳೆಯರ ನಡುವೆಯೂ ನಮ್ಮ ಕತೆ ಇಷ್ಟರಲ್ಲೇ ಮುಗಿಯುತ್ತದೆ. ನಮ್ಮದು ಹೊಲಮನೆ ಇದ್ದವರ ಕುಳ, ಅವನದು ಕುರಿ ಕಾಯುವವರ ಮನೆ, ಕೂಡಿಬರಲಿಲ್ಲ. ಸರಿ, ಸಾಕ್ಷಿ ಎಲ್ಲಿ? ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಕಲಿತದ್ದು ಇದೊಂದೇ, ಎಲ್ಲರೂ ಒಪ್ಪಿಕೊಂಡ ವಾದವನ್ನು ಯಾರೂ ಪರೀಕ್ಷಿಸಿರುವುದಿಲ್ಲ. ನಮ್ಮಪ್ಪ ಅವನ ಪಕ್ಕದಲ್ಲಿ ಕೂತು ಊಟ ಮಾಡಿ, ಅವನು ಹೋದ ಮೇಲೆ ನನಗೆ ಹೇಳಿದ್ದರು: “ಹುಡುಗ ಚಲೋ ಅದಾನ. ಮಾತು ಕಡಿಮಿ. ನಿನ್ನ ಕೂಡ ಇರಾವ್ರು ಹಂಗ ಇರಬೇಕ ಬಿಡು.” ಅವನ ಅಕ್ಕ ನನಗೆ ಮದುವೆ ಸೀರೆಯ ಬಣ್ಣ ಕೇಳಿದ್ದೂ ಆಗಿತ್ತು. ಅಡ್ಡ ಬಂದವರನ್ನು ತೋರಿಸಿ ಎಂದರೆ ಊರು ಮಾತು ಬದಲಿಸುತ್ತದೆ.

ನಾವಿಬ್ಬರೂ ಎಂ.ಎಸ್ಸಿ. ಭೌತಶಾಸ್ತ್ರದ ಸಹಪಾಠಿಗಳು. ಓದು ಮುಗಿಸಿ ನಾನು ಇಂಡಿಯಲ್ಲಿ, ಅವನು ಮುದ್ದೇಬಿಹಾಳದಲ್ಲಿ ಅತಿಥಿ ಉಪನ್ಯಾಸಕರಾದೆವು. ನಮ್ಮ ಸರ್ ಕೊಟ್ಟ ಒಂದು ಕೆಲಸ ಮಾತ್ರ ಜೊತೆಗೆ ಉಳಿಯಿತು: ಹತ್ತಿರದ ಒಂದು ಗ್ಯಾಲಕ್ಸಿಯ ಜಲಜನಕದ ನಕ್ಷೆ ಮಾಡುವುದು. ಈ ಅನಿಲ ಕಣ್ಣಿಗೆ ಕಾಣುವುದಿಲ್ಲ, ಇಪ್ಪತ್ತೊಂದು ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯಾಗಿ ಸಣ್ಣಗೆ ತನ್ನ ಇರವು ತಿಳಿಸುತ್ತದೆ. ನಕ್ಷತ್ರಗಳು ಮುಗಿದಲ್ಲಿ ಗ್ಯಾಲಕ್ಸಿಯೂ ಮುಗಿಯಿತು ಅಂದುಕೊಂಡರೆ ತಪ್ಪು, ಅದರಾಚೆಗೂ ಅನಿಲ ಎಷ್ಟೋ ದೂರ ಹರಡಿರುತ್ತದೆ. ದೂರದರ್ಶಕ ಹಿಡಿದ ಮಾಹಿತಿ ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ. ಬೇಕಾದದ್ದು ಒಳ್ಳೆಯ ಕಂಪ್ಯೂಟರ್ ಮತ್ತು ತಾಳ್ಮೆ. ಎರಡನೆಯದು ಅವನಲ್ಲಿತ್ತು. ಮೊದಲನೆಯದು ಬಸವನ ಬಾಗೇವಾಡಿಯ ಅವನ ಅಕ್ಕನ ಮನೆಯಲ್ಲಿತ್ತು. ಅವರ ಗಂಡ ಮದುವೆ ವಿಡಿಯೊ ಮಾಡುವವರು, ರವಿವಾರ ಅವರು ಮದುವೆಗಳಿಗೆ ಹೋದರೆ ಎಡಿಟಿಂಗ್ ಕಂಪ್ಯೂಟರ್ ನಮ್ಮದು.

“ಏನ್ ಕಾಣಾಕತ್ತೈತಿ ಅದರಾಗ?” ಅಕ್ಕ ಕೇಳುತ್ತಿದ್ದರು.

“ಗ್ಯಾಸ್ ರಿ ಅಕ್ಕಾರ. ಒಂಥರಾ ಗಾಳಿ.”

“ಗಾಳಿ ನೋಡಾಕ ಇಂಡಿಯಿಂದ ಬಸ್ ಹತ್ತಿ ಬಂದೀಯೇನ್ ತಂಗಿ? ಮಾಳಿಗಿ ಮ್ಯಾಲ ಹೋಗು, ಪುಕ್ಕಟ ಬರ್ತೈತಿ.”

ನಕ್ಷೆಯಲ್ಲಿ ಕಂಡ ಮಸುಕಾದ ಮೋಡವೊಂದು ನಿಜವಾದ ಅನಿಲವೋ ಉಪಕರಣದ ಬರೀ ಗದ್ದಲವೋ, ಅಂದರೆ ನಾಯ್ಸೋ, ತಿಳಿಯಲು ನಮ್ಮದೊಂದು ನಿಯಮವಿತ್ತು. ಒಂದೇ ನಕ್ಷೆಯನ್ನು ಇಬ್ಬರೂ ಬೇರೆಬೇರೆ ನೋಡಬೇಕು, ಒಬ್ಬರ ಗುರುತು ಇನ್ನೊಬ್ಬರಿಗೆ ತೋರಿಸಬಾರದು. ಖಚಿತವಾದದ್ದಕ್ಕೆ ಕೆಂಪು ವೃತ್ತ, ಅನುಮಾನಕ್ಕೆ ಹಳದಿ. ಇಬ್ಬರೂ ಗುರುತಿಸಿದ್ದು ಉಳಿಯುತ್ತದೆ, ಒಬ್ಬರಿಗೇ ಕಂಡದ್ದು ಹೋಗುತ್ತದೆ. ಅವನದು ಹಳದಿಯಲ್ಲಿ ಧಾರಾಳ ಕೈ.

“ನಿನ್ನ ನಕ್ಷಿಗೆ ಕಾಮಾಲಿ ಆಗೈತಿ,” ಎನ್ನುತ್ತಿದ್ದೆ.

“ನೀ ಬಿಡವಾ, ಗ್ಯಾಲಕ್ಸಿ ಎದುರಿಗೆ ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳಾಕಿ,” ಎನ್ನುತ್ತಿದ್ದ.

ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಸರ್ ಹೇಳಿದ್ದರು, ಗ್ಯಾಲಕ್ಸಿಯ ಹೊರಗೆ ಒಂದೇ ಒಂದು ಮೋಡ ಸಿಕ್ಕರೂ ಮತ್ತೆ ದೂರದರ್ಶಕದ ಸಮಯ ಕೇಳೋಣ, ಇಬ್ಬರೂ ದೂರದರ್ಶಕ ಇರುವ ಊರಿಗೇ ಹೋಗಿ ವರ್ಷಗಟ್ಟಲೆ ಕೆಲಸ ಮಾಡಬೇಕಾದೀತು ಎಂದು. ಸಿಗದಿದ್ದರೆ ಇದ್ದದ್ದನ್ನೇ ಬರೆದು ಕಳಿಸಿ ಮುಗಿಸುವುದು. ಹೋಗುವುದಾದರೆ ಮದುವೆಯಾಗಿಯೇ ಹೋಗೋಣ ಎಂದವನು ಅವನು.

ನನಗೆ ಸಿಕ್ಕಿತು. ಗ್ಯಾಲಕ್ಸಿಯ ದಕ್ಷಿಣಕ್ಕೆ, ಬಿಡಿಯಾಗಿ, ಒಂದು ಪುಟ್ಟ ಮೋಡ. ಅನಿಲದ ಒಂದೊಂದು ವೇಗಕ್ಕೂ ಒಂದೊಂದು ಚಿತ್ರವಿರುತ್ತದೆ, ಅಕ್ಕಪಕ್ಕದ ವೇಗಗಳ ಚಿತ್ರಗಳಲ್ಲೂ ಅದು ಅದೇ ಜಾಗದಲ್ಲಿತ್ತು, ಗದ್ದಲ ಹಾಗಿರುವುದಿಲ್ಲ. ಗುರುತು ಹಾಕಲು ಕೈಬಿಗಿ ಮಾಡುವ ನಾನೇ ಕೆಂಪು ವೃತ್ತ ಎಳೆದೆ. ಅವನ ನಕ್ಷೆ ತೆರೆದರೆ ಅಲ್ಲಿ ಏನೂ ಇಲ್ಲ.

“ಗದ್ದಲ ಅದು. ಬಿಡು.”

“ಬಿಡು ಅಂದ್ರ? ಮತ್ತೊಮ್ಮೆ ನೋಡು.”

“ಇಬ್ರಿಗೂ ಕಾಣಬೇಕು ಅಂತ ನಿಯಮ ಹಾಕಿದಾಕಿ ನೀನ. ನನಗ ಕಾಣ್ಲಿಲ್ಲ.”

ನಿಯಮದಂತೆ ಮೋಡವನ್ನು ನಾನೇ ಪಟ್ಟಿಯಿಂದ ತೆಗೆದೆ. ಅದಿಲ್ಲದೆಯೇ ಪ್ರಬಂಧ ಬರೆದು ಕಳಿಸಿದೆವು. ಅವನಿಗೆ ಸಿಂದಗಿಯಲ್ಲಿ ಕೆಲಸ ಸಿಕ್ಕಿತು, ಫೋನ್ ಎತ್ತುವುದು ನಿಂತಿತು. ಆಮೇಲೊಂದು ಸಂದೇಶ: “ಇಲ್ಲಿಗೆ ಸಾಕು ಮಾಡೋಣ.” ಕಾರಣ ಇಲ್ಲ. ಅಕ್ಕ ಫೋನಿನಲ್ಲಿ ಅತ್ತರು, “ನನಗೂ ಏನೂ ಹೇಳವಲ್ಲ ತಂಗಿ.”

ಮಾಡಲು ಬೇರೇನೂ ಇಲ್ಲದ ದಿನಗಳಲ್ಲಿ ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅವನ ನಕ್ಷೆಯ ತುಂಬ ಹಳದಿ. ನನ್ನ ಮೋಡಕ್ಕಿಂತ ಎಷ್ಟೋ ಮಸುಕಾದ ಚುಕ್ಕೆಗಳಿಗೂ ಸುತ್ತು ಹಾಕಿದ್ದಾನೆ. ಬರೀ ಗದ್ದಲವಿರುವ ಕಡೆಯೂ ಸುಳ್ಳು ಚುಕ್ಕೆ ಏಳುತ್ತದೆ, ಅವನು ಅದನ್ನೂ ಬಿಟ್ಟಿಲ್ಲ. ದಕ್ಷಿಣದ ಆ ಒಂದು ಜಾಗ ಮಾತ್ರ ಸಾರಿಸಿದ ಹಾಗೆ ಖಾಲಿ. ಕಾಣದವನ ಕೈ ಅಷ್ಟು ಅಚ್ಚುಕಟ್ಟಾಗಿ ಒಂದು ಜಾಗವನ್ನು ಬಿಟ್ಟು ಸುತ್ತುವುದಿಲ್ಲ.

ಎದುರು ಪಕ್ಷದ ವಾದವನ್ನೂ ನಾನೇ ಮಂಡಿಸಿದೆ. ದಣಿದಿದ್ದ. ಕಣ್ಣು ತಪ್ಪಿತು. ಆ ಜಾಗಕ್ಕೆ ಬರುವಾಗ ಯಾರೋ ಕರೆದರು. ಜೀವಮಾನದಲ್ಲಿ ಮೊದಲ ಸಲ ಎದುರು ಪಕ್ಷ ಗೆಲ್ಲಲಿ ಎಂದು ಕೂತಿದ್ದೆ. ಗೆಲ್ಲಲಿಲ್ಲ. ಮೋಡ ಉಳಿದಿದ್ದರೆ ಅವನು ನನ್ನನ್ನು ಮದುವೆಯಾಗಿ ಹೋಗಬೇಕಿತ್ತು. ಕಾರಣ ಜಾತಿಯಾಗಿದ್ದರೆ ಬೈಯಲು ಊರೇ ಇತ್ತು.

ಮೊನ್ನೆ ಸಿಂದಗಿಗೆ ಹೋದೆ. ಕಾಲೇಜಿನಿಂದ ಹೊರಗೆ ಬಂದವನು ನನ್ನನ್ನು ಕಂಡು ನಿಂತ. ತುಸು ಸೊರಗಿದ್ದ.

“ಆರಾಮ ಅದಿ? ಅಪ್ಪಾರು?”

“ಆರಾಮ ಅದಾರ.”

“ಇಂಡಿ ಬಸ್ ಈಗ ಐತಿ. ಬಾ, ಹತ್ತಿಸ್ತೇನಿ.”

ಬಸ್ ನಿಲ್ದಾಣದವರೆಗೂ ಅವನ ಹಿಂದೆಯೇ ನಡೆದೆ. ಕಂಡಕ್ಟರ್ ಇಂಡಿ, ಇಂಡಿ ಎಂದು ಕೂಗುತ್ತಿದ್ದ. ನಾನು ಬಾಗಿಲಿನ ಕಂಬಿ ಹಿಡಿದು ತಿರುಗಿದೆ.

“ಯಾಕ ಬಿಟ್ಟಿ ಅಂತ ಕೇಳಾಕ ಬಂದಿಲ್ಲ ನಾ. ಒಂದಕ್ಕ ಉತ್ತರ ಕೊಡು, ಸಾಕು. ದಕ್ಷಿಣಕ್ಕಿದ್ದ ಆ ಮೋಡ, ಅವತ್ತು ನಿನಗ ಕಂಡಿತ್ತೋ, ಇಲ್ಲೋ?”