ಹುಬ್ಬಜ್ಜಿಯ ಕಲ್ಲು

ಕನ್ನಡಕ ರಿಪೇರಿ ಮಾಡುವ ನಮ್ಮ ಕನ್ನಡಕದಣ್ಣನಿಗೆ ಹಳೆಯ ಸರ್ವೆ ಕಲ್ಲುಗಳ ಹುಚ್ಚು. ರಜೆ ಬಂತೆಂದರೆ ಬ್ರಷ್ಷು, ನೀರಿನ ಬಾಟಲಿ, ಅಂಗಡಿಯ ಭೂತಗನ್ನಡಿ ಹಿಡಿದು ಹೊರಟೇಬಿಡುತ್ತಾನೆ. "ಕಲ್ಲಿನ ಮುಖ ತೊಳೆಯೋಕೆ ಹೋಗ್ತಾರೆ, ಮನೆ ಪಾತ್ರೆ ಮಾತ್ರ ಕಣ್ಣಿಗೆ ಬೀಳಲ್ಲ" ಎಂದು ಹೆಂಡತಿ ಗೊಣಗುತ್ತಾಳೆ. ಅವಳ ಮಾತೇನೂ ಸುಳ್ಳಲ್ಲ ಬಿಡಿ.

ಊರಾಚೆ, ಪಾಳುಬಿದ್ದ ಕ್ವಾರಿಯ ಹಾದಿಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಅದರೊಳಗೆ ಹುಬ್ಬಜ್ಜಿ ಇದ್ದಾಳೆ, ದಾಟಿ ಹೋದ ಮಕ್ಕಳನ್ನು ಹಿಡಿದು ನುಂಗುತ್ತಾಳೆ ಎಂಬ ಕಥೆ ಊರಿಗೆಲ್ಲ ಗೊತ್ತು. ಕಲ್ಲು ನೆಟ್ಟವರು ಯಾರು, ಕಥೆ ಕಟ್ಟಿದವರು ಯಾರು, ಎರಡನ್ನೂ ಭಾನುವಾರ ಲೈಬ್ರರಿಯಲ್ಲಿ ಊರವರ ಮುಂದೆ ಹೇಳುತ್ತೇನೆಂದು ಅಣ್ಣ ಜಂಬದಿಂದ ಒಪ್ಪಿಕೊಂಡುಬಿಟ್ಟಿದ್ದ.

ಕಲ್ಲಿನದು ಸುಲಭ. ಪಾಚಿ ಉಜ್ಜಿದರೆ ಮೇಲೊಂದು ಅಡ್ಡಗೆರೆ, ಕೆಳಗಿನಿಂದ ಅದನ್ನು ಮುಟ್ಟುವ ಬಾಣ. ನೆಲದ ಎತ್ತರ ಅಳೆಯಲು ಸರ್ವೆಯವರು ಕೊರೆದ ಗುರುತು. ಕಥೆಯದೇ ತಲೆನೋವು. ಊರಿನ ಮುದಿ ಕ್ಷೌರಿಕರೊಬ್ಬರು, "ನಮ್ಮ ಕಾಲದಲ್ಲಿ ಅಜ್ಜಿಯೂ ಇಲ್ಲ ಗಿಜ್ಜಿಯೂ ಇಲ್ಲ. ಅದರ ಮೇಲೆ ಕೂತು ಹರಟೆ ಹೊಡೀತಿದ್ವಿ" ಎಂದರು. ಅಣ್ಣನಾದರೋ ಅದನ್ನು ಕೇಳುತ್ತಲೇ ಬೆಳೆದವನು. ಅಂದರೆ ಕಥೆ ಹುಟ್ಟಿದ್ದು ಅವನ ಬಾಲ್ಯದಲ್ಲಿ. ಓರಗೆಯವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: ಹುಬ್ಬಜ್ಜಿ ನುಂಗುವ ಮೊದಲು "ಕೈಕಾಲು ತೊಳ್ಕೊಂಡ್ಯಾ?" ಎಂದು ಕೇಳುತ್ತಾಳಂತೆ.

ಅಲ್ಲಾ, ಯಾವ ರಾಕ್ಷಸಿ ಹಾಗೆ ಕೇಳ್ತಾಳೆ? ಅಣ್ಣನಿಗೆ ತಿಳಿದಂತೆ ಹಾಗೆ ಕೇಳುವವಳು ಲೋಕದಲ್ಲಿ ಒಬ್ಬಳೇ. ಅಮ್ಮ ತೀರಿಹೋದ ಮೇಲೆ ಅವನನ್ನು ಬೆಳೆಸಿದ ಅಕ್ಕ. ಊರಿಗೆಲ್ಲ ಅಣ್ಣನಾದರೂ ಅವಳಿಗೆ ಅವನಿನ್ನೂ ಪುಟ್ಟ ತಮ್ಮ.

ಸೀದಾ ಅವಳ ಮನೆಗೆ ಹೋದ. "ಅಕ್ಕಾ, ಹುಬ್ಬಜ್ಜಿ ಅಂದ್ರೆ ನೀನೇನಾ?"

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ಇನ್ನೇನು ಮಾಡ್ಲಿ? ನೀನು ನಿಂತಲ್ಲಿ ನಿಲ್ಲೋ ಮಗುವಾ? ನಾನು ಹೊಲಿಗೆ ಕೆಲಸಕ್ಕೆ ಹೋಗ್ಬೇಕು, ಕ್ವಾರಿ ತುಂಬ ನೀರು, ನಿನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ. ಆ ಗೆರೆ ಹುಬ್ಬಿನ ಹಾಗಿತ್ತು, ಬಾಣ ಮೂಗಿನ ಹಾಗಿತ್ತು. ಅಜ್ಜಿ ಇದಾಳೆ ಅಂದೆ. ನೀನು ಊರಿಗೆಲ್ಲ ಸಾರಿಬಿಟ್ಟೆ." ಆಮೇಲೆ ದನಿ ತಗ್ಗಿಸಿ, "ಲೈಬ್ರರಿಯಲ್ಲಿ ನನ್ನ ಹೆಸರು ಎತ್ತಬೇಡ ಕಣೋ. ಮಕ್ಕಳನ್ನೆಲ್ಲ ಹೆದರಿಸಿದವಳು ಅಂತ ಜನ ಆಡ್ಕೊಳ್ತಾರೆ" ಎಂದಳು.

ಅಣ್ಣ ಇಕ್ಕಟ್ಟಿಗೆ ಸಿಕ್ಕ. ಹೇಳಿದರೆ ಅಕ್ಕ ನೊಂದುಕೊಳ್ಳುತ್ತಾಳೆ. ಹೇಳದಿದ್ದರೆ, ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಕೃತಜ್ಞತೆ ಹೊಟ್ಟೆಯಲ್ಲೇ ಉಳಿಯುತ್ತದೆ.

ಭಾನುವಾರ ಅಕ್ಕ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕಲ್ಲಿನ ವಿಷಯ ಮುಗಿಸಿ ಅಣ್ಣ ಹೇಳಿದ: "ಕಥೆ ಕಟ್ಟಿದವರು ಸಿಕ್ಕಿದ್ದಾರೆ, ಹೆಸರು ಹೇಳಬಾರದಂತೆ. ಚಿಕ್ಕವನಿದ್ದಾಗ ಚೆಂಡು ಹುಡುಕ್ತಾ ಆ ಕಲ್ಲಿನ ತನಕ ಹೋಗಿದ್ದೆ. ಅಜ್ಜಿಗೆ ಹೆದರಿ ಎದ್ದೆನೋ ಬಿದ್ದೆನೋ ಅಂತ ಓಡಿಬಂದೆ. ಅದಕ್ಕೇ ಇವತ್ತು ಇಲ್ಲಿ ನಿಂತಿದೀನಿ. ಬದುಕಿರೋವರೆಗೂ ಅವರಿಗೆ ಋಣಿ."

ಅಣ್ಣನ ಓರಗೆಯ ಪ್ಲಂಬರ್ ಕೈ ಎತ್ತಿದ. "ನಾನೂ ಅಲ್ಲಿಂದ ಓಡಿಬಂದವನೇ." ಲೈಬ್ರರಿ ಮೇಡಂ ಕೈ ಎತ್ತಿದರು. ಇನ್ನೊಬ್ಬರು, ಮತ್ತೊಬ್ಬರು.

"ಯಾರಪ್ಪಾ ಆ ಪುಣ್ಯಾತ್ಮರು?" ಎಂದ ಪ್ಲಂಬರ್.

ಅಣ್ಣ ತಲೆ ಬಗ್ಗಿಸಿ ಭೂತಗನ್ನಡಿ ಒರೆಸತೊಡಗಿದ. ಹಿಂದಿನ ಸಾಲಿನಲ್ಲಿ ಅಕ್ಕ ನಿಧಾನಕ್ಕೆ ಎದ್ದು ನಿಂತಳು. ಎತ್ತಿದ ಕೈಗಳನ್ನೆಲ್ಲ ನೋಡಿ ಕಣ್ಣೊರೆಸಿಕೊಂಡು, "ಎಲ್ಲರೂ ಕೈಕಾಲು ತೊಳ್ಕೊಂಡ್ರಾ?" ಎಂದಳು.