ಎಂಟು ದೀಪಕ್ಕೆ ಎಂಟು ಬೊಟ್ಟು

ನಮ್ಮ ಅಳಿಯ ವಿಜಯ್‌ಕುಮಾರ್ ಹುಟ್ಟಿದ್ದು ಮಂಡಕಳ್ಳಿಯಲ್ಲಿ. ಓದಿದ್ದು ಪಿಯುಸಿವರೆಗೆ, ಅದೂ ಎರಡು ಸಲ. ಲಷ್ಕರ್ ಮೊಹಲ್ಲಾದ ಜವಳಿ ಅಂಗಡಿಯೊಂದರ ಗೋಡೌನಿನಲ್ಲಿ ಇಪ್ಪತ್ತಾರು ವರ್ಷದಿಂದ ಮೇಲ್ವಿಚಾರಕರು. ಅಲ್ಲಿ ಕ್ಯಾಮೆರಾ ಹಾಕಲು ಬಂದವನಿಗೆ ಒಂದು ಮಧ್ಯಾಹ್ನ ಏಣಿ ಹಿಡಿದುಕೊಂಡಿದ್ದರು. ಅವತ್ತಿನಿಂದ ನೆಟ್ಟು, ವೈರು ಎಲ್ಲಕ್ಕೂ ತಾವೇ ಇಂಜಿನಿಯರು. ಬೀದಿಯಲ್ಲಿ ಯಾರ ಮನೆ ಟಿ.ವಿ. ನಿಂತರೂ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, "ಇದು ಮೇಲಿಂದಾನೇ ಪ್ರಾಬ್ಲಮ್ಮು ಕಣ್ರೀ" ಅನ್ನುತ್ತಾರೆ, ಕಾಫಿ ಕುಡಿದು ಬರುತ್ತಾರೆ.

ನಾನು ಓದಿದ್ದು ಮೂರನೇ ಕ್ಲಾಸು. ಯಜಮಾನರು ಹೋದ ಮೇಲೆ ಮಗಳು ರಮಾಮಣಿಯ ಮನೆಯಲ್ಲಿದ್ದೇನೆ. ಹಾಲಿನಲ್ಲಿ ನನ್ನ ಮಂಚ, ಮಂಚದ ಪಕ್ಕದ ಗೂಡಿನಲ್ಲಿ ನೆಟ್ಟಿನ ಸ್ವಿಚ್ಚು. ಮನೆಗೆ ಬರುವ ನೆಟ್ಟನ್ನು ಟಿ.ವಿ., ಕ್ಯಾಮೆರಾ, ಕಂಪ್ಯೂಟರಿಗೆಲ್ಲ ಹಂಚುವ, ಇಟ್ಟಿಗೆಯಷ್ಟು ಉದ್ದದ ಪೆಟ್ಟಿಗೆ. ವೈರು ಚುಚ್ಚಲು ಎಂಟು ತೂತು, ಒಂದೊಂದರ ಮೇಲೂ ಸಾಸಿವೆಯಷ್ಟು ದೀಪ. ಎರಡು ವರ್ಷದಿಂದ ಸೊಪ್ಪು ಬಿಡಿಸುತ್ತಾ ಅದನ್ನೇ ನೋಡಿದ್ದೇನೆ. ವೈರು ಸರಿಯಾಗಿ ಕೂತು, ಆ ಕಡೆ ಮಿಷನ್ನು ಎದ್ದಿದ್ದರೆ ಹಸಿರು. ಏನಾದರೂ ಹೋಗಿಬರುತ್ತಿದ್ದರೆ ಮಿಣುಕು. ಗೇಟಿನ ಕ್ಯಾಮೆರಾದ್ದು ಯಾವಾಗಲೂ ಕಿತ್ತಳೆ; ಅದು ನಿಧಾನದ ಗುರುತು ಅಂತ ಪೆಟ್ಟಿಗೆ ಹಾಕಿದವನೇ ಹೇಳಿಹೋಗಿದ್ದ. ಮೊಮ್ಮಗಳು ರಕ್ಷಿತಾ ಕಂಪ್ಯೂಟರ್ ಆರಿಸಿದರೆ ನಾಲ್ಕನೆಯದು ಕಪ್ಪು. ಇದಕ್ಕೆ ಪಿಯುಸಿ ಬೇಕಿಲ್ಲ.

ಹೋದ ಆಯುಧಪೂಜೆ ದಿನವೇ ರಕ್ಷಿತಾಗೆ ಕೆಲಸದ ಪರೀಕ್ಷೆ, ಹನ್ನೊಂದಕ್ಕೆ, ಮನೆಯ ಕಂಪ್ಯೂಟರಿನಲ್ಲಿ. ಕಂಪನಿ ದೆಹಲಿ ಕಡೆಯದು, ಅವರಿಗೆ ನಮ್ಮ ಹಬ್ಬ ಎಲ್ಲಿ ಗೊತ್ತು. ಫೋನಿನ ನೆಟ್ಟಿನಲ್ಲಿ ಬರೆಯಕೂಡದು, ತಪ್ಪಿಸಿಕೊಂಡರೆ ಮತ್ತೆ ಕರೆಯುವುದಿಲ್ಲ ಅಂತ ಬರೆದಿದ್ದರು. ಎರಡು ವರ್ಷದಲ್ಲಿ ಮಗುವಿಗೆ ಬಂದ ಒಂದೇ ಕರೆ.

ಅಳಿಯಂದಿರು ಬೆಳಗ್ಗೆಯೇ ವೈರುಗಳನ್ನೆಲ್ಲ ಕಿತ್ತು, ಪೆಟ್ಟಿಗೆ ಒರೆಸಿ, ಮತ್ತೆ ಚುಚ್ಚಿ, ಎಂಟು ದೀಪದ ಮೇಲೂ ದಪ್ಪಗೆ ಗಂಧ ಮೆತ್ತಿ ಕುಂಕುಮ ಇಟ್ಟರು. ಎಷ್ಟು ಅಚ್ಚುಕಟ್ಟು ಅಂದರೆ ಒಂದು ದೀಪವೂ ತಪ್ಪಿಸಿಕೊಳ್ಳಲಿಲ್ಲ.

ಹತ್ತೂವರೆಗೆ ರಕ್ಷಿತಾ ಕೂಗಿದಳು, "ಅಪ್ಪಾ, ನೆಟ್ಟೇ ಬರ್ತಿಲ್ಲ!"

ಇವರು ಬಂದು ಸೊಂಟದ ಮೇಲೆ ಕೈಯಿಟ್ಟರು. "ಒಂದು ದೀಪಾನೂ ಉರೀತಿಲ್ಲ. ಸ್ವಿಚ್ಚೇ ಸತ್ತೋಗಿದೆ."

"ಟಿ.ವಿ.ಯಲ್ಲಿ ನೆಟ್ಟಿನ ಭಜನೆ ಓಡ್ತಾನೇ ಇದೆಯಲ್ಲ, ಅಳಿಯಂದಿರೇ," ಅಂದೆ.

"ಅತ್ತೆ, ಇದೆಲ್ಲ ನಿಮಗೆ ಗೊತ್ತಾಗಲ್ಲ. ಸುಮ್ನೆ ಕೂತ್ಕೊಳಿ." ಗೋಡೌನಿನಲ್ಲಿ ಹಳೇದೊಂದಿದೆ ಅಂತ ಸ್ಕೂಟರ್ ಹತ್ತಿ ಹೋದರು. ಆ ಸ್ಕೂಟರಿಗೂ ಹಾರ ಹಾಕಿದ್ದರು, ದಾರಿಯುದ್ದಕ್ಕೂ ಹೂವು ಉದುರಿಸಿಕೊಂಡೇ ಹೋದರು.

ರಕ್ಷಿತಾ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಒಂಬತ್ತು ವರ್ಷದಿಂದ ನಾನು ಕುಂಕುಮ ಮುಟ್ಟಿರಲಿಲ್ಲ. ಸೆರಗು ಒದ್ದೆ ಮಾಡಿಕೊಂಡು ಎಂಟೂ ಬೊಟ್ಟು ಒರೆಸಿದೆ. ಒಳಗೆ ದೀಪಗಳು ಚೆನ್ನಾಗೇ ಉರಿಯುತ್ತಿದ್ದವು: ಟಿ.ವಿ.ಯದು ಮಿಣುಕು, ಕ್ಯಾಮೆರಾದ್ದು ಕಿತ್ತಳೆ. ನಾಲ್ಕನೆಯದು ಮಾತ್ರ ಕಪ್ಪು. ಆ ವೈರು ಅರ್ಧಕ್ಕೇ ನೇತಾಡುತ್ತಿತ್ತು. ಒತ್ತಿದೆ. ಟಕ್ ಅಂತು. ಹಸಿರು.

"ಬಂತು ಅಜ್ಜಿ!" ಅಂತ ಕೂಗಿ ಅವಳು ಬಾಗಿಲು ಹಾಕಿಕೊಂಡಳು. ಗಂಟೆ ಹನ್ನೊಂದಕ್ಕೆ ನಾಲ್ಕು ನಿಮಿಷ.

ಹನ್ನೊಂದೂವರೆಗೆ ಅಳಿಯಂದಿರು ಧೂಳು ಹಿಡಿದ ಪೆಟ್ಟಿಗೆ ಹೊತ್ತು ಬಂದರು. ಉರಿಯುವ ದೀಪ ಅವರ ಕಣ್ಣಿಗೆ ಬೀಳಲಿಲ್ಲ, ಕುಂಕುಮ ಮೆತ್ತಿದ ನನ್ನ ಸೆರಗು ಬಿತ್ತು.

"ಹಬ್ಬದ ದಿನ ಕುಂಕುಮ ಅಳಿಸಿಬುಟ್ರಾ? ಅದೂ ನೀವು?" ಅಂದವರೇ ಗಂಧದ ಬಟ್ಟಲಿಗೆ ಕೈ ಹಾಕಿದರು.

ಬಟ್ಟಲನ್ನು ಮಡಿಲಿಗೆಳೆದುಕೊಂಡೆ. ಅವರ ಮನೆ ಅನ್ನ ಉಣ್ಣುವವಳು ನಾನು, ಅವತ್ತಿನವರೆಗೂ ಎದುರಾಡಿರಲಿಲ್ಲ. "ಈ ಪೆಟ್ಟಿಗೆಗೆ ಮುತ್ತೈದೆತನ ಬೇಕಿಲ್ಲ, ಅಳಿಯಂದಿರೇ. ವೈರು ನೆಟ್ಟಗೆ ಕೂತಿದ್ರೆ ಸಾಕು. ಮಗು ಬರೀತಿದೆ, ಆಚೆ ಹೋಗಿ."

ಹೋದರು. ಮಧ್ಯಾಹ್ನ ಒಂದು ಗಂಟೆವರೆಗೂ ನಾಲ್ಕನೇ ದೀಪ ಮಿಣುಕುತ್ತಲೇ ಇತ್ತು, ನಾನು ಕಣ್ಣು ಕೀಳಲಿಲ್ಲ.

ರಕ್ಷಿತಾಗೆ ಕೆಲಸ ಸಿಕ್ಕಿತು. ಅವತ್ತು ಸ್ವಿಚ್ಚು ಸರಿಮಾಡಿದ್ದು ತಾವೇ ಅಂತ ಅವರಪ್ಪ ಬನ್ನಿಮಂಟಪದ ನೆಂಟರಿಗೆಲ್ಲ ಹೇಳಿ, ಕಾಫಿ ಕುಡಿದು ಬಂದಿದ್ದಾರೆ.