ಗೋಡೆಗೋ, ಮೈಗೋ?

ಭದ್ರಾವತಿಯ ಹಳೇನಗರಕ್ಕೆ ಇನ್ನೂ ಹಾಲಿನವನು ಬಂದಿಲ್ಲ, ರೋಶನ್ ಬೀ ಅವರ ಹೊಲಿಗೆ ಮೆಷಿನ್ ಆಗಲೇ ಓಡುತ್ತಿದೆ. ಪಕ್ಕದಲ್ಲಿ ನಾಲ್ಕು ಟ್ರಂಕುಗಳು, ಅವುಗಳ ತುಂಬ ಹಳೆಯ ಕಬಡ್ಡಿ ಜರ್ಸಿಗಳು. ಒಂದೊಂದನ್ನೇ ಬೆಳಕಿಗೆ ಹಿಡಿದು, ಕಂಕುಳ ಹತ್ತಿರ ಎಳೆದು ನೋಡುತ್ತಾರೆ. ತಡೆದುಕೊಂಡರೆ ಎಡಕ್ಕೆ, ಹೊಲಿಗೆ ಬಿಟ್ಟರೆ ಮೆಷಿನ್ನಿಗೆ.

ಕಾರ್ಖಾನೆ ತಂಡಗಳ ಜರ್ಸಿಗೆ ನಂಬರು ಹೊಲಿಯುತ್ತ ಇವರಿಗೆ ನಲವತ್ತು ವರ್ಷವಾಯಿತು. ಕಪ್ ಗೆದ್ದವರ ಹೆಸರು ಊರಿಗೆಲ್ಲ ಗೊತ್ತು. ಹೊಲಿದವರ್ಯಾರೆಂದು ಒಬ್ಬರೂ ಕೇಳಿದವರಲ್ಲ. "ಆಟಗಾರರ ಮುಖ ನಂಗೆ ಅಷ್ಟಾಗಿ ಗೊತ್ತಿಲ್ಲ, ಬೆನ್ನು ತೋರಿಸಿ, ಹೇಳ್ತೀನಿ" ಎಂದು ನಗುತ್ತಾರೆ.

ಈ ಸಂಗ್ರಹ ಶುರುವಾದದ್ದು ಮಾಚೇನಹಳ್ಳಿಯಲ್ಲಿ. ಪತಿ ಬಾಬು ಸಾಬ್ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಮೆಕ್ಯಾನಿಕ್ ಆಗಿದ್ದವರು. "ಎಣ್ಣೆ ಒರೆಸೋಕೆ ಅಂತ ಹಳೇ ಬಟ್ಟೆ ಮೂಟೆ ಬಂತು. ಬಿಚ್ಚಿದ್ರೆ ಇವಳೇ ಹೊಲ್ದಿದ್ದ ಜರ್ಸಿ! ಒಂದ್ಸಲ ಒರೆಸ್ದೆ, ಆಮೇಲೆ ಕೈ ಬರ್ಲಿಲ್ಲ. ಮನೆಗೆ ತಂದೆ" ಎನ್ನುತ್ತಾರೆ ಅವರು. ಅಂದಿನಿಂದ ರೋಶನ್ ಬೀ ಹೊಸ ಜರ್ಸಿ ಕೊಟ್ಟಾಗಲೆಲ್ಲ ಹಳೆಯದನ್ನು ಕೇಳಿ ಪಡೆದರು. "ಈಗ ಕಾಲು ಚಾಚೋಕೆ ಜಾಗ ಇಲ್ಲ ಮಾರಾಯ್ತಿ ಅಂದ್ರೆ, ಹೊರಗೆ ಮಲ್ಕೊಳ್ಳಿ ಅಂತಾಳೆ!" ಎಂದು ಬಾಬು ಸಾಬ್ ದೂರುತ್ತಾರೆ.

ಏನಾದರೂ ಮಾಡಲೇಬೇಕಿತ್ತು. ಟ್ರಂಕುಗಳ ಸುದ್ದಿ ಕೇಳಿ ಒಂದೇ ವಾರದಲ್ಲಿ ಇಬ್ಬರು ಬಂದರು. ಶಿವಮೊಗ್ಗದ ವಿದ್ಯಾನಗರದಲ್ಲಿ ಹೋಟೆಲ್ ತೆರೆಯುತ್ತಿರುವ ನರಸಿಂಹಮೂರ್ತಿ, ಎಲ್ಲವನ್ನೂ ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆಂದರು. ಕುಂಸಿಯಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುವ ಶರಾವತಿ, ಮಕ್ಕಳಿಗೆ ಹಾಕಿಕೊಳ್ಳಲು ಕೊಡಿ ಎಂದರು. ನಾನಾಗಿದ್ದರೆ ಹೋಟೆಲಿಗೇ ಕೊಡುತ್ತಿದ್ದೆನೇನೋ. ಅಲ್ಲಿ ಮರ್ಯಾದೆಯೂ ಉಂಟು, ಕಾಸೂ ಉಂಟು.

ನರಸಿಂಹಮೂರ್ತಿಯವರ ಕಣ್ಣಿಗೆ ಬಿದ್ದದ್ದು ಒಂಬತ್ತರ ಜರ್ಸಿ. ಒಮ್ಮೆ ರೋಶನ್ ಬೀ ಅವಸರದಲ್ಲಿ ಆ ಒಂಬತ್ತನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದರು. ಅಂಕಣಕ್ಕಿಳಿದಾಗ ಒಂದೇ ತಂಡದಲ್ಲಿ ಇಬ್ಬರು ಆರು! ಆಟ ನಿಂತಿತು. ಇವರು ಗೆರೆಯಾಚೆ ಕೂತು, ಬ್ಲೇಡಿನಿಂದ ನಂಬರು ಬಿಚ್ಚಿ, ಕೈಯಲ್ಲೇ ತಿರುಗಿಸಿ ಹೊಲಿದುಕೊಟ್ಟರು. ಅಂದಿನಿಂದ ಇವರ ಒಂಬತ್ತರ ಕೆಳಗೆಲ್ಲ ಒಂದು ಗೆರೆ ಇರುತ್ತದೆ.

"ಇದನ್ನ ನಡುವೆ ಹಾಕ್ತೀನಮ್ಮ, ಜನ ನೋಡಿ ನಗ್ತಾರೆ" ಎಂದರಂತೆ ಅವರು.

"ನಗ್ಲಿ ಸಾರ್. ಆದ್ರೆ ಅವತ್ತು ಇದನ್ನ ಹಾಕ್ಕೊಂಡವ್ನೇ ಆಟ ಗೆಲ್ಸಿದ್ದು. ಇದಕ್ಕಿನ್ನೂ ತಾಕತ್ತಿದೆ."

ಅಲ್ಲಿಗೆ ತೀರ್ಮಾನವಾಯಿತು. ಹಾಕಿಕೊಳ್ಳಲಾಗದ್ದು ಗೋಡೆಗೆ, ಹಾಕಿಕೊಳ್ಳಬಹುದಾದ್ದು ಮೈಗೆ. ಬಾಬು ಸಾಬ್ ತಂದಿದ್ದ ಆ ಎಣ್ಣೆ ಹಿಡಿದ ಜರ್ಸಿ ಹೋಟೆಲಿಗೆ ಹೋಯಿತು. ನರಸಿಂಹಮೂರ್ತಿ ಬೇಸರಿಸಿಕೊಳ್ಳಲಿಲ್ಲ, ಅದರ ಕೆಳಗೆ ಹೊಲಿದವರ ಹೆಸರನ್ನೂ ಬರೆಸಿದ್ದಾರೆ. ಉಳಿದವು ದುರಸ್ತಿಯಾದ ಹಾಗೆ ಕಂತುಕಂತಾಗಿ ಕುಂಸಿಗೆ ಹೋಗುತ್ತಿವೆ.

ಈ ಬೆಳಿಗ್ಗೆ ಮೆಷಿನ್ ಮೇಲಿರುವುದು ಅದೇ ಒಂಬತ್ತು. ಭುಜದಿಂದ ಸೊಂಟದವರೆಗೆ ಹರಿದು ವಾಪಸು ಬಂದಿದೆ. ಶರಾವತಿ ಫೋನಿನಲ್ಲಿ, "ತಪ್ಪಾಯ್ತು ಅಕ್ಕ, ಜೋಪಾನ ಮಾಡ್ಬೇಕಿತ್ತು" ಎಂದು ಸಂಕೋಚಪಡುತ್ತಾರೆ.

"ಯಾಕಮ್ಮಾ ತಪ್ಪು? ನಾಲ್ಕು ಜನ ಹಿಡಿದು ಎಳ್ದಿರ್ತಾರೆ, ಆ ಹುಡುಗಿ ಬಿಡಿಸ್ಕೊಂಡು ಬಂದಿರ್ತಾಳೆ. ಇಷ್ಟು ವರ್ಷ ಟ್ರಂಕಿನಲ್ಲಿತ್ತಲ್ಲ, ಒಂದಿನಾನೂ ಹರೀಲಿಲ್ಲ ನೋಡು" ಎನ್ನುತ್ತ ರೋಶನ್ ಬೀ ಸೂಜಿಗೆ ದಾರ ಪೋಣಿಸುತ್ತಾರೆ.